ಜಾಮೀನು

ನನ್ನ ಅಕ್ಕನ ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲಿ ಅವಳಿಗೇನು ಕೆಲಸ ಎಂದು ನೆಂಟರಿಷ್ಟರು ಕೇಳಿದರೆ ಅಕ್ಕ, 'ವಕೀಲರ ಆಫೀಸಿನಲ್ಲಿ' ಎನ್ನುತ್ತಾಳೆ. 'ಹಾಗಾದರೆ ಲಾಯರೋ?' 'ಅಲ್ಲ.' 'ಮತ್ತೆ, ಗುಮಾಸ್ತೆಯೋ?' 'ಅದೂ ಅಲ್ಲ.' ಮಾತು ಅಲ್ಲಿಗೆ ನಿಲ್ಲುತ್ತದೆ. ಕೇಳಿದವರು ಅವಲಕ್ಕಿಯ ತಟ್ಟೆಯ ಕಡೆಗೆ ತಿರುಗುತ್ತಾರೆ.

ಕಳ್ಳತನ, ಹೊಡೆದಾಟ, ಮಾದಕ ವಸ್ತು ಮುಂತಾದ ಆರೋಪ ಹೊತ್ತು, ಸ್ವಂತ ವಕೀಲರನ್ನು ಇಟ್ಟುಕೊಳ್ಳಲು ಹಣವಿಲ್ಲದವರ ಪರವಾಗಿ ವಾದಿಸುವ ಕಚೇರಿಗಳು ಆ ದೇಶದಲ್ಲಿವೆ. ಖರ್ಚು ಸರಕಾರದ್ದು. ಅಂಥ ಒಂದು ಕಚೇರಿಯಲ್ಲಿ ನಮ್ಮ ಹುಡುಗಿ ಸಮಾಜ ಕಾರ್ಯಕರ್ತೆ. ಕಳೆದ ಸಲ ಊರಿಗೆ ಬಂದಾಗ ಜಗಲಿಯ ಮೇಲೆ ಕುಳಿತು ನಾನೇ ಕೇಳಿದೆ: 'ಕಳ್ಳನಿಗೂ ಒಬ್ಬ ವಕೀಲ ಬೇಕು, ಒಪ್ಪಿದೆ. ಅಲ್ಲಿ ನೀನು ಯಾಕೆ ಬೇಕು?' ಅವಳು ನಕ್ಕು, 'ಚಿಕ್ಕಮ್ಮ, ಅವನು ಕದ್ದನೋ ಇಲ್ಲವೋ ಅಂತ ವಕೀಲರು ಕೇಳ್ತಾರೆ. ಅವನು ರಾತ್ರಿ ಎಲ್ಲಿ ಮಲಗ್ತಾನೆ ಅಂತ ನಾನು ಕೇಳ್ತೇನೆ' ಎಂದಳು.

ಅವಳಿಗೆ ಅದು ದಿನನಿತ್ಯದ ಮಾತು. ನನಗೆ ಮಾತ್ರ ಅಂದು ರಾತ್ರಿ ನಿದ್ದೆ ಬರಲಿಲ್ಲ. ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅವನನ್ನು ಮಂಜ ಎನ್ನೋಣ. ಎಂಟನೆಯ ತರಗತಿಯಲ್ಲಿ ಎರಡನೆಯ ಪೀರಿಯಡ್ಡಿಗೇ ಡೆಸ್ಕಿನ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದ. ನಾನು ಅವನನ್ನು ಎಷ್ಟು ಸಲ ನಿಲ್ಲಿಸಿದ್ದೇನೋ ಲೆಕ್ಕವಿಲ್ಲ. ಆದರೆ ರಾತ್ರಿ ಎಲ್ಲಿ ಮಲಗುತ್ತೀಯ ಎಂದು ಒಂದು ದಿನವೂ ಕೇಳಲಿಲ್ಲ. ಅಪ್ಪ ಕುಡಿದು ಬಂದ ರಾತ್ರಿಗಳಲ್ಲಿ ಅವನು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಮಲಗುತ್ತಿದ್ದನೆಂದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ಒಂಬತ್ತನೆಯ ತರಗತಿಯ ನಡುವೆ ಶಾಲೆ ಬಿಟ್ಟ. ವರ್ಗಾವಣೆ ಪತ್ರವನ್ನು ಬರೆದವಳು ನಾನೇ. ಅದರಲ್ಲಿ 'ನಡತೆ' ಎಂಬ ಒಂದು ಕಲಮು ಇರುತ್ತದಲ್ಲ, ಅದರ ಮುಂದೆ 'ತೃಪ್ತಿಕರ' ಎಂದು ಬರೆದೆ. ಒಳ್ಳೆಯವರಿಗೆ 'ಉತ್ತಮ', ಉಳಿದವರಿಗೆ 'ತೃಪ್ತಿಕರ'. ಒಂದು ಮಗುವಿನ ವಿಷಯದಲ್ಲಿ ಮೇಷ್ಟರುಗಳಾದ ನಾವು ಲೋಕಕ್ಕೆ ಕೊಡುವ ವರದಿ ಆ ಒಂದೇ ಪದ.

2012ರ ಕೊನೆಕೊಯ್ಲಿನ ಕಾಲದಲ್ಲಿ, ನಮ್ಮೂರಿನ ಒಬ್ಬ ಮುದುಕಿಯ ಅಂಗಳದಿಂದ ಎರಡು ಚೀಲ ಒಣ ಅಡಿಕೆ ಕಳುವಾಯಿತು. ಪೊಲೀಸರು ಮಂಜನನ್ನೂ ಇನ್ನೊಬ್ಬನನ್ನೂ ಹಿಡಿದರು. ಕದ್ದದ್ದು ನಿಜ. ನ್ಯಾಯಾಲಯ ಜಾಮೀನನ್ನೇನೋ ಕೊಟ್ಟಿತು. ಆದರೆ ಜಾಮೀನು ನಿಲ್ಲುವವರು ಯಾರು? ಪಹಣಿ ತೋರಿಸಲು ಅವರಿಗೆ ಒಂದು ಗುಂಟೆ ಜಮೀನಿರಲಿಲ್ಲ. ಅವನ ತಾಯಿ, ಅಡಿಕೆ ಸುಲಿಯಲು ಮನೆಮನೆಗೆ ಹೋಗುವವಳು, ಒಂದು ಸಂಜೆ ನಮ್ಮ ಮನೆಗೆ ಬಂದಳು. 'ಅಕ್ಕೋರೇ, ಸರಕಾರಿ ನೌಕರಿ ಇದ್ದವರ ಸಂಬಳದ ಚೀಟಿ ಇದ್ರೂ ಆಗ್ತದಂತೆ. ನೀವೊಂದು ಸಹಿ ಹಾಕಿದ್ರೆ ಅವ ಮನೆಗೆ ಬರ್ತಾನೆ' ಎಂದಳು. ಹೆಡ್‌ಮಾಸ್ತರರನ್ನು ಕೇಳಿ ಹೇಳುತ್ತೇನೆ ಎಂದೆ. ಹೆಡ್‌ಮಾಸ್ತರರನ್ನು ನಾನು ಕೇಳಲಿಲ್ಲ. ಅವಳಿಗೂ ಅದು ಗೊತ್ತಿತ್ತು, ಮತ್ತೆ ಬರಲಿಲ್ಲ.

ಮಂಜ ಏಳು ತಿಂಗಳು ಒಳಗಿದ್ದ. ಕೊನೆಗೆ ತಪ್ಪೊಪ್ಪಿಕೊಂಡ. ಒಳಗೆ ಕಳೆದ ದಿನಗಳೇ ಶಿಕ್ಷೆಯೆಂದು ತೀರ್ಮಾನವಾಗಿ ಮಳೆಗಾಲದಲ್ಲಿ ಹೊರಬಂದ. ಬೇಕರಿಯ ಕೆಲಸ ಹೋಗಿತ್ತು. ವರ್ಷ ತಿರುಗುವುದರೊಳಗೆ ಹುಬ್ಬಳ್ಳಿಯ ಕಡೆ ಇನ್ನೊಂದು ಕಳ್ಳತನದಲ್ಲಿ ಸಿಕ್ಕಿಬಿದ್ದ. ಜೊತೆಗಿದ್ದವರು ಜೈಲಿನಲ್ಲಿ ಪರಿಚಯವಾದವರಂತೆ. ನನ್ನ ಒಂದು ಸಹಿಯಿಂದ ಅವನ ಬಾಳು ನೇರವಾಗುತ್ತಿತ್ತು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಅದೂ ಒಂದು ಬಗೆಯ ಜಂಬವೇ. ಆದರೆ ಆಗುತ್ತಿರಲಿಲ್ಲ ಎಂದು ಹೇಳುವ ಧೈರ್ಯವೂ ನನಗಿಲ್ಲ.

ಇದೆಲ್ಲ ಮನಸ್ಸಿನಲ್ಲಿದ್ದುದರಿಂದ ಅಕ್ಕನ ಮಗಳ ಕೆಲಸದ ವಿಷಯವನ್ನು ಅವಳಿಂದ ಕೇಳಿಯೂ, ಅವಳು ಕಳಿಸಿದ ಬರಹಗಳನ್ನು ಓದಿಯೂ ತಿಳಿದುಕೊಂಡೆ.

ಬಡವರಿಗೆ ಸರಕಾರವೇ ವಕೀಲರನ್ನು ಕೊಡಬೇಕೆಂಬ ಮಾತನ್ನು ಆ ದೇಶದಲ್ಲಿ ಗಟ್ಟಿಯಾಗಿ ಎತ್ತಿದವರಲ್ಲಿ ಕ್ಲಾರಾ ಫೋಲ್ಟ್ಸ್ ಎಂಬ ಹೆಂಗಸು ಮೊದಲಿಗಳು. ಕ್ಯಾಲಿಫೋರ್ನಿಯಾದ ಮೊದಲ ಮಹಿಳಾ ವಕೀಲೆ, ಗಂಡ ಬಿಟ್ಟುಹೋದ ಮೇಲೆ ಐದು ಮಕ್ಕಳನ್ನು ಸಾಕಿದವಳು. 1893ರಲ್ಲಿ ಶಿಕಾಗೋ ನಗರದ ವಿಶ್ವ ಮೇಳದ ಸಂದರ್ಭದಲ್ಲಿ ಅವಳು ಈ ವಿಚಾರವನ್ನು ಮಂಡಿಸಿದಳು. ಅದೇ ವರ್ಷ ಅದೇ ಊರಿನಲ್ಲಿ ನಮ್ಮ ವಿವೇಕಾನಂದರು ಮಾತನಾಡಿದ್ದು ನಮಗೆಲ್ಲ ಗೊತ್ತು. ಈಕೆ ಮಾತನಾಡಿದ್ದು ನನಗೆ ಈಗ ಗೊತ್ತಾಯಿತು. 1914ರಲ್ಲಿ ಲಾಸ್ ಏಂಜಲೀಸಿನಲ್ಲಿ ಅಂಥ ಮೊದಲ ಕಚೇರಿ ತೆರೆಯಿತು.

ಆದರೂ ಅದು ಎಲ್ಲರ ಹಕ್ಕಾಗಲು 1963ರವರೆಗೆ ಕಾಯಬೇಕಾಯಿತು. ಕ್ಲಾರೆನ್ಸ್ ಗಿಡಿಯನ್ ಎಂಬವನು ಎಂಟನೆಯ ತರಗತಿಯವರೆಗೆ ಓದಿದವನು, ಹಿಂದೆ ಹಲವು ಸಲ ಜೈಲು ಕಂಡವನು. 1961ರಲ್ಲಿ ಫ್ಲಾರಿಡಾ ರಾಜ್ಯದ ಒಂದು ಆಟದ ಅಂಗಡಿಗೆ ನುಗ್ಗಿ ಚಿಲ್ಲರೆ ಹಣ ಕದ್ದನೆಂಬ ಆರೋಪ ಅವನ ಮೇಲೆ ಬಂತು. ವಕೀಲರನ್ನು ಕೊಡಿ ಎಂದು ಕೇಳಿದ. ಮರಣದಂಡನೆಯ ಮೊಕದ್ದಮೆಗಳಿಗೆ ಮಾತ್ರ ಕೊಡುತ್ತೇವೆ ಎಂದರು. ತಾನೇ ವಾದಿಸಿ ಸೋತು ಐದು ವರ್ಷದ ಶಿಕ್ಷೆ ಪಡೆದ. ಜೈಲಿನ ಕಾಗದದ ಮೇಲೆ ಪೆನ್ಸಿಲ್ಲಿನಿಂದ ಸುಪ್ರೀಂ ಕೋರ್ಟಿಗೆ ಬರೆದ. 1963ರ ಮಾರ್ಚ್ 18ರಂದು ನ್ಯಾಯಾಲಯ ಸರ್ವಾನುಮತದಿಂದ ಅವನ ಮಾತನ್ನು ಒಪ್ಪಿತು. ಮತ್ತೆ ವಿಚಾರಣೆಯಾದಾಗ, ಈ ಸಲ ವಕೀಲನಿದ್ದುದರಿಂದ, ಜ್ಯೂರಿ ಸುಮಾರು ಒಂದು ಗಂಟೆಯಲ್ಲಿ ಅವನು ನಿರಪರಾಧಿ ಎಂದಿತು. ಎಂಟನೆಯ ತರಗತಿಯ ಹುಡುಗರಿಗೆ ಪತ್ರಲೇಖನ ಕಲಿಸುವ ನನಗೆ ಆ ಪೆನ್ಸಿಲ್ಲಿನ ಅರ್ಜಿ ಬಹಳ ಹಿಡಿಸಿತು.

ಗಿಡಿಯನ್ನನ ಕತೆ ಕೇಳಲು ಹಿತವಾಗಿದೆ, ಏಕೆಂದರೆ ಅವನು ನಿರಪರಾಧಿಯೆಂದು ತೀರ್ಮಾನವಾಯಿತು. ಆದರೆ ನಮ್ಮ ಮಂಜ ಕದ್ದಿದ್ದ. ಕದ್ದವನಿಗೆ ಸಿಗಬೇಕಾದದ್ದೇನು? 'ಮಾಡಿದ್ದುಣ್ಣೋ ಮಹಾರಾಯ' ಎಂಬಲ್ಲಿಗೆ ನಮ್ಮ ಗಾದೆ ಮುಗಿಯುತ್ತದೆ. ಸಮಾಜ ಕಾರ್ಯಕರ್ತೆಯ ಕೆಲಸ ಶುರುವಾಗುವುದು ಅಲ್ಲಿಂದ. ಅವಳು ಆರೋಪಿಯ ಮನೆಗೆ ಹೋಗುತ್ತಾಳೆ, ತಾಯಿಯನ್ನು ಮಾತನಾಡಿಸುತ್ತಾಳೆ, ಶಾಲೆಯ ದಾಖಲೆ, ಆಸ್ಪತ್ರೆಯ ದಾಖಲೆ ತರಿಸುತ್ತಾಳೆ. ಕುಡಿತ ಬಿಡಿಸುವ ಕೇಂದ್ರದಲ್ಲಿ ಜಾಗ ಹುಡುಕುತ್ತಾಳೆ. ಮಲಗಲು ನೆಲೆಯಿಲ್ಲದವನಿಗೆ ನೆಲೆ, ಮಾತ್ರೆ ನಿಲ್ಲಿಸಿದ ಮನೋರೋಗಿಗೆ ವೈದ್ಯರು, ಹೀಗೆ. ನ್ಯಾಯಾಧೀಶರ ಮುಂದೆ ಇಡಲು ಈ ಮನುಷ್ಯ ಯಾರು, ಇಲ್ಲಿಗೆ ಹೇಗೆ ಬಂದ, ಜೈಲಿಗೆ ಬದಲಾಗಿ ಏನು ಮಾಡಬಹುದು ಎಂದು ವರದಿ ಬರೆಯುತ್ತಾಳೆ. ನಮ್ಮ 'ನಡತೆ'ಯ ಕಲಮನ್ನು ಹತ್ತು ಪುಟಕ್ಕೆ ಬರೆದರೆ ಹೇಗೋ ಹಾಗೆ ಎಂದುಕೊಂಡೆ.

ಇಂಥ ಕೆಲಸಕ್ಕೆ ಮೊದಲ ಹೆಜ್ಜೆ ಇಟ್ಟವನು ವಕೀಲನಲ್ಲ, ಚಪ್ಪಲಿ ಹೊಲಿಯುವವನು. ಬಾಸ್ಟನ್ ನಗರದ ಜಾನ್ ಅಗಸ್ಟಸ್ 1841ರಲ್ಲಿ ಒಂದು ದಿನ ಕೋರ್ಟಿನಲ್ಲಿ ಕುಳಿತಿದ್ದಾಗ ಒಬ್ಬ ಕುಡುಕನನ್ನು ತಂದು ನಿಲ್ಲಿಸಿದರು. ಅಗಸ್ಟಸ್ ಅವನೊಡನೆ ಮಾತನಾಡಿ, ತಾನೇ ಜಾಮೀನು ನಿಂತು ಕರೆದುಕೊಂಡು ಹೋದ. ಮೂರು ವಾರದ ನಂತರ ಅವನನ್ನು ಮತ್ತೆ ತಂದು ನಿಲ್ಲಿಸಿದಾಗ ಗುರುತೇ ಸಿಗದಷ್ಟು ಬದಲಾಗಿದ್ದ. ನ್ಯಾಯಾಧೀಶರು ಒಂದು ಸೆಂಟು ದಂಡ ಹಾಕಿ, ಕೋರ್ಟಿನ ಖರ್ಚು ಕಟ್ಟಿಸಿಕೊಂಡು ಬಿಟ್ಟರು. 1859ರಲ್ಲಿ ಸಾಯುವ ಹೊತ್ತಿಗೆ ಆ ಮನುಷ್ಯ ಸುಮಾರು ಎರಡು ಸಾವಿರ ಜನಕ್ಕೆ ಹೀಗೆ ಜಾಮೀನು ನಿಂತಿದ್ದನಂತೆ. ಎರಡು ಸಾವಿರ! ನನ್ನಿಂದ ಒಬ್ಬನಿಗೆ ಆಗಲಿಲ್ಲ.

ಒಬ್ಬ ಮನುಷ್ಯನ ಒಳ್ಳೆಯತನವನ್ನು ಒಂದು ಕಚೇರಿಯ ಕ್ರಮವನ್ನಾಗಿ ಮಾಡಲು ಸಾಧ್ಯವೇ? ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡವರ ಭಾಗದಲ್ಲಿ ಇದನ್ನು ಮಾಡಿ ನೋಡಿದ್ದಾರೆ. 1997ರಲ್ಲಿ ಶುರುವಾದ 'ಬ್ರಾಂಕ್ಸ್ ಡಿಫೆಂಡರ್ಸ್' ಎಂಬ ಸಂಸ್ಥೆಯಲ್ಲಿ ವಕೀಲರೂ ಸಮಾಜ ಕಾರ್ಯಕರ್ತರೂ ಒಂದೇ ತಂಡವಾಗಿ ಕೆಲಸ ಮಾಡುತ್ತಾರೆ. ಒಂದು ಬಂಧನದಿಂದ ಮನೆ ಹೋಗಬಹುದು, ನೌಕರಿ ಹೋಗಬಹುದು, ಮಕ್ಕಳನ್ನು ಬೇರೆಡೆಗೆ ಕಳಿಸಬಹುದು, ಹೊರದೇಶದವನಾದರೆ ಗಡೀಪಾರಾಗಬಹುದು. ಇವೆಲ್ಲವನ್ನೂ ಒಟ್ಟಿಗೆ ನೋಡುವುದು ಅವರ ಕ್ರಮ. ಅದೇ ಊರಿನಲ್ಲಿ ಹೆಚ್ಚಾಗಿ ಮೊಕದ್ದಮೆಯನ್ನಷ್ಟೇ ನಡೆಸುವ ಹಳೆಯ ಕ್ರಮದ ಇನ್ನೊಂದು ಸಂಸ್ಥೆಯೂ ಇತ್ತು. ಆರೋಪಿ ಯಾರ ಪಾಲಿಗೆ ಬರುತ್ತಾನೆ ಎಂಬುದು ಅಂದು ಕೋರ್ಟಿನಲ್ಲಿ ಯಾರ ಪಾಳಿ ಎಂಬುದರ ಮೇಲೆ ನಿಂತಿತ್ತು. ಹೆಚ್ಚುಕಡಿಮೆ ಚೀಟಿ ಎತ್ತಿದ ಹಾಗೆ. ಆದ್ದರಿಂದ ಎರಡನ್ನೂ ಹೋಲಿಸುವುದು ಸಾಧ್ಯವಾಯಿತು. ಐದು ಲಕ್ಷಕ್ಕೂ ಹೆಚ್ಚು ಮೊಕದ್ದಮೆಗಳನ್ನು ನೋಡಿದ ಅಧ್ಯಯನವೊಂದು 2019ರಲ್ಲಿ ಹಾರ್ವರ್ಡಿನ ಕಾನೂನು ಪತ್ರಿಕೆಯಲ್ಲಿ ಪ್ರಕಟವಾಯಿತು. ತಂಡದ ಕ್ರಮದಲ್ಲಿ ಜೈಲುಶಿಕ್ಷೆಯಾಗುವ ಸಂಭವ ಶೇಕಡಾ 16ರಷ್ಟು ಕಡಿಮೆ, ಶಿಕ್ಷೆಯ ಅವಧಿ ಶೇಕಡಾ 24ರಷ್ಟು ಕಡಿಮೆ. ಹತ್ತು ವರ್ಷಗಳಲ್ಲಿ ಸುಮಾರು 11 ಲಕ್ಷ ದಿನಗಳ ಸೆರೆವಾಸ ತಪ್ಪಿತು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಚೆನ್ನಾಗಿರುತ್ತಿತ್ತು. ಆದರೆ ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳುತ್ತದೆ. ಹೀಗೆ ನೆರವು ಪಡೆದವರು ಮತ್ತೆ ಬಂಧನಕ್ಕೊಳಗಾಗುವುದು ಹೆಚ್ಚಲಿಲ್ಲ; ಹಾಗೆಯೇ ಕಡಿಮೆಯೂ ಆಗಲಿಲ್ಲ. ಈ ಸಾಲನ್ನು ಓದಿದಾಗ ನನಗೆ ನಿರಾಶೆಯಾಯಿತು. ಇಷ್ಟೆಲ್ಲ ಓಡಾಡಿದ ಮೇಲೂ ಅವರು ತಿದ್ದಿಕೊಳ್ಳಲಿಲ್ಲವೇ? ಹಾಗಾದರೆ ಈ ನೆರವಿಗೆ ಅರ್ಥವೇನು? ಹಾಗೆಂದು ಅಕ್ಕನ ಮಗಳಿಗೆ ಫೋನಿನಲ್ಲಿ ಕೇಳಿಯೂ ಬಿಟ್ಟೆ. ಅವಳು ಕೆಲವರು ನಿಜವಾಗಿಯೂ ತಿದ್ದಿಕೊಂಡದ್ದನ್ನು ಹೇಳಿದಳು, ಕೆಲವರು ವಾರದೊಳಗೆ ಮತ್ತೆ ಬಂದದ್ದನ್ನೂ ಹೇಳಿದಳು. ಆಮೇಲೆ, 'ನಿಮ್ಮ ಪ್ರಶ್ನೆಯನ್ನು ತಿರುಗಿಸಿ ನೋಡಿ ಚಿಕ್ಕಮ್ಮ' ಎಂದು ಫೋನಿಟ್ಟಳು.

ತಿರುಗಿಸಿ ನೋಡಲು ಕೆಲವು ದಿನ ಹಿಡಿಯಿತು. 11 ಲಕ್ಷ ದಿನ ಜನರನ್ನು ಜೈಲಿನಿಂದ ಹೊರಗಿಟ್ಟರೂ ಊರಿನಲ್ಲಿ ಬಂಧನ ಹೆಚ್ಚಲಿಲ್ಲ ಎಂದರೆ, ಆ ದಿನಗಳನ್ನು ಒಳಗೆ ಕಳೆದಿದ್ದರೆ ಊರಿಗೆ ಸಿಗುತ್ತಿದ್ದ ರಕ್ಷಣೆ ಏನು? ಏನೂ ಇಲ್ಲ. ಒಬ್ಬ ತಂದೆ ಮಕ್ಕಳಿಂದ ದೂರವಾಗುತ್ತಿದ್ದ, ಒಬ್ಬಳ ಕೆಲಸ ಹೋಗುತ್ತಿತ್ತು, ಅಷ್ಟೇ. ನಾವು ಯಾವಾಗಲೂ ನೆರವಾಗುವವರನ್ನು ಲೆಕ್ಕ ಕೇಳುತ್ತೇವೆ: ನಿಮ್ಮಿಂದ ಎಷ್ಟು ಜನ ಸುಧಾರಿಸಿದರು, ತೋರಿಸಿ. ಜೈಲಿಗೆ ಆ ಲೆಕ್ಕ ಕೇಳುವವರು ಕಡಿಮೆ. ಏಳು ತಿಂಗಳ ಜೈಲು ಮಂಜನನ್ನು ಸುಧಾರಿಸಿತೇ ಎಂದು ನಮ್ಮೂರಿನಲ್ಲಿ ಯಾರೂ ಕೇಳಲಿಲ್ಲ. ನೋವು ಕೊಡುವವನು ಅದು ಅಗತ್ಯವೆಂದು ಮೊದಲು ತೋರಿಸಬೇಕು. ನೋವು ತಪ್ಪಿಸುವವನಿಗೆ ಆ ಹೊಣೆಯಿಲ್ಲ. ಶಾಲೆಯಲ್ಲಿ ಬೆತ್ತ ಹಿಡಿದು ಕೈಬಿಟ್ಟ ನನ್ನ ತಲೆಮಾರಿನ ಉಪಾಧ್ಯಾಯಿನಿಗೆ ಇದು ತಾನೇ ತಾನಾಗಿ ತಿಳಿಯಬೇಕಿತ್ತು.

ಹಾಗೆಂದು ಆಕ್ಷೇಪಗಳು ಮುಗಿದವೆಂದಲ್ಲ. ಮೊದಲನೆಯದು ಮಂಜನ ತಂಗಿ. ಅದೇ ಮನೆ, ಅದೇ ಅಪ್ಪ, ಅದೇ ಕುಡಿತ. ಅವಳು ಪ್ರಥಮ ದರ್ಜೆಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಈಗ ನರ್ಸಾಗಿದ್ದಾಳೆ. ಮನೆಯ ಸ್ಥಿತಿಯೇ ಎಲ್ಲಕ್ಕೂ ಕಾರಣವಾದರೆ ಅವಳ ಶ್ರಮಕ್ಕೆ ಬೆಲೆಯೇನು? ಅವಳ ಮುಂದೆ ನಿಂತು ನಿನ್ನಣ್ಣನಿಗೆ ಬೇರೆ ದಾರಿಯಿರಲಿಲ್ಲ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ದಾರಿಯಿತ್ತು, ಅವನು ಹಿಡಿಯಲಿಲ್ಲ. ಸಮಾಜ ಕಾರ್ಯಕರ್ತೆಯ ವರದಿ ಅವನ ಹೊಣೆಯನ್ನು ಅಳಿಸಲು ಹೊರಟರೆ ಅದು ಅವನನ್ನು ಮನುಷ್ಯನೆಂದು ಗಣಿಸಿದಂತೆಯೂ ಆಗುವುದಿಲ್ಲ. ಗಾಳಿಗೆ ಹಾರುವ ದರಲೆಗೆ ತಪ್ಪೂ ಇಲ್ಲ, ಮರ್ಯಾದೆಯೂ ಇಲ್ಲ. ಆದರೆ ಶಿಕ್ಷೆ ಕೊಡುವವರಿಗೆ ತಾವು ಯಾರಿಗೆ ಕೊಡುತ್ತಿದ್ದೇವೆಂದು ಗೊತ್ತಿರಬೇಕಲ್ಲ? ಹೊಣೆಯನ್ನು ತೂಗುವುದಕ್ಕೂ ಅದು ಬೇಕು. ತಂಗಿಗೆ ಒಬ್ಬ ಸೋದರಮಾವ ಪುಸ್ತಕ ಕೊಡಿಸುತ್ತಿದ್ದ, ಅಣ್ಣನಿಗೆ ಅಂಥವರು ಯಾರೂ ಇರಲಿಲ್ಲ ಎಂಬುದು ಕ್ಷಮೆಯಲ್ಲ, ಆದರೆ ಸತ್ಯ.

ಎರಡನೆಯದು ಅಡಿಕೆ ಕಳೆದುಕೊಂಡ ಮುದುಕಿ. ಅರ್ಧ ಎಕರೆ ತೋಟದ ಆ ಎರಡು ಚೀಲವೇ ಅವರ ವರ್ಷದ ಔಷಧಿ. ಈ ಲೇಖನ ಬರೆಯುವ ಮುಂಚೆ ಅವರನ್ನು ನೋಡಲು ಹೋಗಿದ್ದೆ. ಅವರೇನೂ ಮೆತ್ತಗಾಗಿಲ್ಲ. ಆ ಹುಡುಗರನ್ನು ಇನ್ನೂ ಎರಡು ವರ್ಷ ಒಳಗಿಡಬೇಕಿತ್ತು ಎಂದರು. ಕಳುವಾದ ಮೇಲೆ ಬಹಳ ದಿನ ರಾತ್ರಿ ದೀಪ ಆರಿಸಲು ಹೆದರಿಕೆಯಾಗುತ್ತಿತ್ತೆಂದೂ, ಅದನ್ನು ಇದುವರೆಗೆ ಯಾರೂ ಕೇಳಿರಲಿಲ್ಲವೆಂದೂ ಹೇಳಿದರು. ಆರೋಪಿಯನ್ನು ರಾತ್ರಿ ಎಲ್ಲಿ ಮಲಗುತ್ತೀಯೆಂದು ಕೇಳುವ ಲೋಕ, ಮನೆಯವಳನ್ನು ರಾತ್ರಿ ನಿದ್ದೆ ಬರುತ್ತದೆಯೇ ಎಂದೂ ಕೇಳಬೇಡವೇ? ಕೇಳಬೇಕು. ಆದರೆ ಇವರನ್ನು ಕೇಳಲಿಲ್ಲವೆಂದು ಅವನನ್ನೂ ಕೇಳದೆ ಬಿಟ್ಟರೆ ಇವರಿಗೇನೂ ಸಿಕ್ಕಂತಾಗುವುದಿಲ್ಲ. ಒಂದೇ ಊರಿನಲ್ಲಿದ್ದು ಇಷ್ಟು ವರ್ಷ ಕೇಳದವರಲ್ಲಿ ನಾನೂ ಒಬ್ಬಳು.

ಮೂರನೆಯದು ನಮ್ಮ ಹುಡುಗಿಗೇ ತೊಡಕಾದ ಪ್ರಶ್ನೆ. ಪ್ರೊಬೇಷನ್ ಅಧಿಕಾರಿ ನ್ಯಾಯಾಲಯಕ್ಕೆ ವರದಿ ಮಾಡುವವನು. ಇವಳು ಆರೋಪಿಯ ಪರ ತಂಡದವಳು, ಅವನು ಹೇಳಿದ ಗುಟ್ಟನ್ನು ಕಾಪಾಡಬೇಕಾದವಳು. ಆ ನಂಬಿಕೆಯಿಂದಲೇ ಅವನು ಬಾಯಿ ಬಿಡುತ್ತಾನೆ. ಆ ಮನೆಯಲ್ಲಿ ಒಂದು ಮಗುವಿಗೆ ಹೊಡೆತ ಬೀಳುತ್ತಿದೆಯೆಂದು ಗೊತ್ತಾದರೆ? ಹೇಳಿದರೆ ನಂಬಿಕೆ ಮುರಿಯಿತು, ಹೇಳದಿದ್ದರೆ ಮಗುವಿನ ಗತಿ? ಇದರ ಕಾನೂನು ಅಲ್ಲಿ ರಾಜ್ಯದಿಂದ ರಾಜ್ಯಕ್ಕೆ ಬೇರೆಯಂತೆ. ಕಾನೂನು ಏನೇ ಇರಲಿ, ರಾತ್ರಿ ನಿದ್ದೆಗೆಡುವವಳು ಅವಳು. ಒಳ್ಳೆಯ ಕೆಲಸ ಎಂದರೆ ಕೈಗೆ ಕೆಸರು ತಾಗದ ಕೆಲಸವೆಂದು ತಿಳಿದವರಿಗೆ ಈ ಉದ್ಯೋಗ ಹೇಳಿದ್ದಲ್ಲ.

ನಮ್ಮ ದೇಶದಲ್ಲಿ ಇದೆಲ್ಲ ಗೊತ್ತಿಲ್ಲವೆಂದಲ್ಲ. ಬಡ ಕಲ್ಲುಕುಟಿಗನೊಬ್ಬನಿಗೆ ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿ, ಅವನ ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಆ ಜಾಮೀನನ್ನು ನಿರಾಕರಿಸಿದ್ದರು. ಮೋತಿರಾಮ್ ಎಂಬ ಅವನ ಮೊಕದ್ದಮೆಯಲ್ಲಿ, 1978ರಲ್ಲಿ, ಬಡವನಿಗೆ ಇದು ಅನ್ಯಾಯವೆಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಹೇಳಿದರು. ಒಳ್ಳೆಯ ನಡತೆಯ ಭರವಸೆಯ ಮೇಲೆ ಅಪರಾಧಿಯನ್ನು ಬಿಡಬಹುದೆಂಬ ಪ್ರೊಬೇಷನ್ ಕಾಯಿದೆ 1958ರಿಂದಲೇ ಇದೆ. ಉಚಿತ ಕಾನೂನು ನೆರವು 1976ರಲ್ಲಿ ಸಂವಿಧಾನಕ್ಕೇ ಸೇರಿತು. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ 'ಪ್ರಯಾಸ್' ಎಂಬ ಯೋಜನೆಯವರು 1990ರಿಂದ ಜೈಲುಗಳಲ್ಲಿ ಇದೇ ಕೆಲಸ ಮಾಡುತ್ತ ಬಂದಿದ್ದಾರೆ. 2022ರ ಯೋಜನೆಯೊಂದರಂತೆ ಜಿಲ್ಲೆಗಳಲ್ಲಿ ಬಡ ಆರೋಪಿಗಳಿಗಾಗಿಯೇ ಪೂರ್ಣಾವಧಿ ವಕೀಲರ ಕಚೇರಿಗಳೂ ಬಂದಿವೆ. ಆ ಯೋಜನೆಯಲ್ಲಿ ವಕೀಲರಿದ್ದಾರೆ, ಗುಮಾಸ್ತರಿದ್ದಾರೆ, ಜವಾನರಿದ್ದಾರೆ. ರಾತ್ರಿ ಎಲ್ಲಿ ಮಲಗುತ್ತೀಯೆಂದು ಕೇಳುವವರ ಹುದ್ದೆ ಇಲ್ಲ. 2022ರ ಕೊನೆಗೆ ನಮ್ಮ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಜನ ವಿಚಾರಣಾಧೀನರು. ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು ಮಂದಿ ಇನ್ನೂ ತಪ್ಪಿತಸ್ಥರೆಂದು ತೀರ್ಮಾನವಾಗದವರು. ಅವರಲ್ಲಿ ಎಷ್ಟು ತಾಯಂದಿರು ಯಾವ ಯಾವ ಅಕ್ಕೋರ ಮನೆಯ ಮೆಟ್ಟಿಲು ಹತ್ತಿ ಇಳಿದಿದ್ದಾರೋ.

ಕಳೆದ ವರ್ಷ ನನ್ನ ಇನ್ನೊಬ್ಬ ಹಳೆಯ ವಿದ್ಯಾರ್ಥಿ ಮೊಬೈಲ್ ಕದ್ದ ಮೊಕದ್ದಮೆಯಲ್ಲಿ ಸಿಕ್ಕಿಕೊಂಡ. ಈ ಸಲ ಯಾರೂ ಕೇಳಲು ಬರಲಿಲ್ಲ, ನಾನೇ ಹೋದೆ. ಸಂಬಳದ ಪ್ರಮಾಣಪತ್ರ ಕೊಟ್ಟು ಸಹಿ ಹಾಕಿದೆ. ಮನೆಯವರು ಎರಡು ದಿನ ಮಾತು ಬಿಟ್ಟರು. ಮೂರು ವಾಯಿದೆಗೆ ಹುಡುಗ ಸರಿಯಾಗಿ ಹಾಜರಾದ. ನಾಲ್ಕನೆಯದಕ್ಕೆ ಹೋಗಲಿಲ್ಲ. ನನಗೆ ನೋಟೀಸು ಬಂತು. ಮನೆಯವರು ಏನೂ ಹೇಳದೆ ಅದನ್ನು ಮೇಜಿನ ಮೇಲಿಟ್ಟರು. ಭಯವೂ ಕೋಪವೂ ಸೇರಿ ಬಸ್ಸು ಹತ್ತಿ ಅವನು ಕೆಲಸ ಮಾಡುವ ಹೋಟೆಲಿಗೆ ಹೋದೆ. ಓಡಿಹೋಗಿರಲಿಲ್ಲ. ಹಿಂದೆ ಪಾತ್ರೆ ತೊಳೆಯುತ್ತಿದ್ದ. ವಾಯಿದೆಯ ತಾರೀಖು ಬರೆದ ಚೀಟಿ ಒಗೆಯುವ ಅಂಗಿಯ ಕಿಸೆಯಲ್ಲಿ ಹೋಗಿತ್ತಂತೆ. ಕೇಳಲು ನಾಚಿಕೆಯಾಗಿ ಸುಮ್ಮನಿದ್ದನಂತೆ. ಬೈಯಬೇಕೆಂದು ಹೋದವಳು, 'ರಾತ್ರಿ ಎಲ್ಲಿ ಮಲಗ್ತೀಯೋ?' ಎಂದು ಕೇಳಿದೆ. 'ಇಲ್ಲೇ ಅಕ್ಕೋರೇ, ಅಟ್ಟದ ಮೇಲೆ' ಎಂದು ತೋರಿಸಿದ. ಅವನನ್ನು ಕರೆದುಕೊಂಡು ಹೋಗಿ ಕೋರ್ಟಿನಲ್ಲಿ ನಿಲ್ಲಿಸಿದೆ, ದಂಡವನ್ನೂ ಕಟ್ಟಿಸಿದೆ.

ಅವನು ಮುಂದೆ ಕದಿಯುವುದಿಲ್ಲವೆಂದು ನಾನು ಬರೆದುಕೊಡಲಾರೆ. ಸಹಿ ಹಾಕುವಾಗಲೂ ನನ್ನನ್ನು ಅದನ್ನು ಕೇಳಿರಲಿಲ್ಲ. ಕರೆದಾಗ ಬರುತ್ತಾನೆ ಎಂದಷ್ಟೇ ಕೇಳಿದ್ದರು. ಮುಂದಿನ ವಾಯಿದೆಯ ತಾರೀಖನ್ನು ಅವನ ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ. ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿಯೂ, ಹಾಲಿನ ಲೆಕ್ಕದ ಪಕ್ಕದಲ್ಲಿ, ಗುರುತು ಹಾಕಿಕೊಂಡಿದ್ದೇನೆ.